ಟವಲಿನ ಕೆಳಗಿನ ಒಂಬತ್ತು

ನಮ್ಮಪ್ಪ ಸುಬ್ಬರಾಯಪ್ಪನಿಗೆ ಫುಟ್‌ಬಾಲ್ ಆಟ ಇವತ್ತಿಗೂ ಅರ್ಥವಾಗಿಲ್ಲ. ಆಫ್‌ಸೈಡ್ ಅಂದರೇನು ಅಂತ ನಾನೇ ಊಟದ ತಟ್ಟೆಯಲ್ಲಿ ಹುರುಳಿಕಾಳು ಜೋಡಿಸಿ ಎಷ್ಟೋ ಸಲ ತೋರಿಸಿದ್ದೇನೆ. ಎಲ್ಲ ಕೇಳಿಸಿಕೊಂಡು, "ಅಲ್ಲ ಕಣಮ್ಮ ಸರಳಾ, ಮುಂದೆ ಹೋಗಿ ನಿಂತಿದ್ದೇ ತಪ್ಪು ಅಂದ್ರೆ ಮನುಷ್ಯ ಉದ್ಧಾರ ಆಗೋದೆಂಗೆ?" ಅಂತ ಕೇಳಿ, ಎದುರಾಳಿ ತಂಡದ ಕಾಳುಗಳನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾನೆ. ಇಂಥ ಮಹಾನುಭಾವ ಶ್ರೀನಿವಾಸಪುರದ ಫುಟ್‌ಬಾಲ್ ತಂಡಕ್ಕೆ ಮ್ಯಾನೇಜರು. ಚೆಂಡಿನ ಚೀಲ ಹೊರುವುದು, ಮೈದಾನಕ್ಕೆ ಸುಣ್ಣದ ಗೆರೆ ಎಳೆಸುವುದು, ಹುಡುಗರನ್ನು ಬಸ್ಸಿಗೆ ಹತ್ತಿಸುವುದು, ಗೆದ್ದರೆ ಬೋಂಡ ಕೊಡಿಸುವುದು, ಸೋತರೆ ಬೈಯುವುದು, ಇಷ್ಟು ಅವನ ಕೆಲಸ.

ಅವನ ನಿಜವಾದ ಕಸುಬು ಮಾವಿನ ಮಂಡಿಯಲ್ಲಿ ದಲ್ಲಾಳಿತನ. ಅವನ ಕಾಲದ ಮಂಡಿಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಹಣ್ಣಿನ ರಾಶಿಯ ಮುಂದೆ ದಲ್ಲಾಳಿ ಕೈ ಚಾಚಿ ನಿಂತು, ಅದರ ಮೇಲೆ ಟವಲು ಇಳಿಬಿಡುತ್ತಿದ್ದ. ಕೊಳ್ಳುವವರು ಒಬ್ಬೊಬ್ಬರಾಗಿ ಬಂದು ಟವಲಿನೊಳಗೆ ಕೈ ತೂರಿಸಿ ಅವನ ಬೆರಳು ಹಿಡಿಯಬೇಕು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ಐದು ದಾಟಿದರೆ ಕೈ ಬಿಟ್ಟು ಮತ್ತೆ ಹಿಡಿಯಬೇಕು. ಎಲ್ಲರದೂ ಮುಗಿದ ಮೇಲೆ ದಲ್ಲಾಳಿ ಗೆದ್ದ ಬೆಲೆಯೊಂದನ್ನೇ ಮೂರು ಸಲ ಕೂಗುತ್ತಾನೆ. ಉಳಿದವರು ಏನು ಹೇಳಿದ್ದರು ಅನ್ನುವುದು ಅವನ ಹೊಟ್ಟೆಯಲ್ಲೇ ಇರಬೇಕು.

"ಟವಲ ಕೆಳಗಿಂದು ಟವಲ ಕೆಳಗೇ. ಯಾವ ಕೈಯೂ ಹೇಳದ ಬೆಲೆ ಬಾಯಲ್ಲಿ ಬರಬಾರದು." ಇದು ಅಪ್ಪನ ವೇದ. ನಮಗೆ ಅ ಆ ಇ ಈ ಕಲಿಸುವ ಮೊದಲೇ ಇದನ್ನು ಕಲಿಸಿದ್ದ. ಒಂದು ಸಲ ಮುಳಬಾಗಿಲಿನ ವ್ಯಾಪಾರಿಯೊಬ್ಬ ಬೇನಿಷಾ ಹಣ್ಣಿನ ರಾಶಿಗೆ ಬೆಲೆ ಸ್ವಲ್ಪ ಇಳಿಸಿ ಕೂಗಿದರೆ ಮನೆ ಮುಂದೆ ಹೊಸ ಬೈಕು ತಂದು ನಿಲ್ಲಿಸುತ್ತೇನೆ ಅಂದನಂತೆ. ಅಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ನಡೆದುಕೊಂಡೇ ಮನೆಗೆ ಬಂದ. ಅಮ್ಮ ಕೊಂಡಮ್ಮ ಆ ಬೈಕನ್ನು ಇವತ್ತಿಗೂ ಮರೆತಿಲ್ಲ. ಬಸ್ಸು ತಪ್ಪಿದಾಗಲೆಲ್ಲ, "ಇವರು ಸತ್ಯಹರಿಶ್ಚಂದ್ರನ ಮೊಮ್ಮಗ, ನಾವು ನಡೀಬೇಕು" ಅಂತ ಶುರು ಮಾಡುತ್ತಾಳೆ.

ಈಗ ಮಂಡಿಯಲ್ಲಿ ಬಾಯಲ್ಲೇ ಹರಾಜು, ಉಳಿದದ್ದು ಫೋನಿನಲ್ಲಿ. ಟವಲಿಗೆ ಕೆಲಸ ಹೋಯಿತು, ಅಪ್ಪನ ಹೆಗಲ ಮೇಲೆ ಜಾಗ ಮಾತ್ರ ಉಳಿಯಿತು. ಕೆಂಪಂಚಿನ ಬಿಳಿ ಟವಲು. ಅದಿಲ್ಲದೆ ಅವನು ಹಾಲು ತರುವುದಕ್ಕೂ ಹೋಗುತ್ತಿರಲಿಲ್ಲ.

ಕ್ರಿಕೆಟ್ಟಿನ ಈ ಸೀಮೆಯಲ್ಲಿ ಫುಟ್‌ಬಾಲ್ ಹುಚ್ಚು ಹಚ್ಚಿದವರು ಕೆಜಿಎಫ್ ಕಡೆಯಿಂದ ಬಂದಿದ್ದ ಡ್ರಿಲ್ ಮೇಷ್ಟ್ರು ಶ್ರೀನಿವಾಸಪ್ಪ. ಅವರು ರಿಟೈರಾಗಿ ಹೋದರೂ ಹುಚ್ಚು ಇಲ್ಲೇ ಉಳಿಯಿತು. ಮಂಡಿ ಮಾಲೀಕ ಚನ್ನರಾಯಪ್ಪ ತಂಡಕ್ಕೆ ದುಡ್ಡು ಹಾಕಿದ. ಪ್ರತಿ ಹುಡುಗನಿಗೂ ತಿಂಗಳಿಗಿಷ್ಟು ಕೈಖರ್ಚು, ಬೂಟು, ಬಸ್ ಚಾರ್ಜು, ಬೆಳಿಗ್ಗೆ ಹಾಲು ಮೊಟ್ಟೆ. ಸೀಸನ್ನಿನಲ್ಲಿ ಮಂಡಿಯಲ್ಲಿ ಕೆಲಸ. ಅದಕ್ಕೆ ಮ್ಯಾನೇಜರಾಗಿ ತನ್ನ ನಂಬಿಕೆಯ ದಲ್ಲಾಳಿಯನ್ನು ಕೂರಿಸಿದ.

ನನ್ನಣ್ಣ ನಂದಕುಮಾರ್ ಆ ತಂಡದ ಒಂಬತ್ತನೇ ನಂಬರು. ಗೋಲು ಹೊಡೆಯುವವನು. ಹೊಡೆಯುವವನು ಅನ್ನುವುದು ಹೆಸರಿಗೆ. ಮೊದಲೆರಡು ವರ್ಷ ಹೊಡೆದ, ಸುಳ್ಳು ಹೇಳಬಾರದು, ಜಿಲ್ಲೆಯೆಲ್ಲ ಅವನ ಹೆಸರು ಹೇಳುವಂತೆ ಹೊಡೆದ. ಆಮೇಲೆ ಮಾಲೂರಿನ ಪಂದ್ಯದಲ್ಲಿ ಮೊಣಕಾಲು ತಿರುಚಿಕೊಂಡ. ಮೊಣಕಾಲು ವಾಸಿಯಾಯಿತು, ಸೋಮಾರಿತನ ವಾಸಿಯಾಗಲಿಲ್ಲ. ಬೆಳಗಿನ ಪ್ರಾಕ್ಟೀಸಿಗೆ ಎಬ್ಬಿಸಿದರೆ ಮಗ್ಗುಲು ಬದಲಿಸುವುದು, ಮೈದಾನದಲ್ಲಿ ಫೋನು ನೋಡುವುದು. ಹೋದ ಸೀಸನ್ನಿನಲ್ಲಿ ಒಂದೇ ಒಂದು ಗೋಲಿಲ್ಲ. ಕೇಳಿದರೆ ಬೂಟು ಸರಿಯಿಲ್ಲ, ಮೈದಾನ ಸರಿಯಿಲ್ಲ, ಪಾಸು ಸರಿಯಿಲ್ಲ. ಕುಣೀಲಾರದವಳು ನೆಲ ಡೊಂಕು ಅಂದಳಂತೆ. ಮುಂದೆ ಆಡುವವನು ಅಂತ ಎಲ್ಲರಿಗಿಂತ ಜಾಸ್ತಿ ಕೈಖರ್ಚು ಬೇರೆ ಅವನಿಗೆ.

ಮಾಲೂರಿನಲ್ಲಿ ಅವನು ಬಿದ್ದಾಗ ಬೆನ್ನ ಮೇಲೆ ಹೊತ್ತುಕೊಂಡು ಆಟೋವರೆಗೂ ಓಡಿದವನು ಹನ್ನೆರಡನೇ ನಂಬರಿನ ಕದಿರೇಶ. ಆಂಧ್ರದ ಗಡಿಯ ರಾಯಲ್ಪಾಡಿನವನು, ಬೆಳಗಿನ ಮೊದಲ ಬಸ್ಸಿಗೆ ಬರುತ್ತಾನೆ, ಬಾಯಿ ತೆರೆದರೆ ಅರ್ಧ ತೆಲುಗು. ಒಳ್ಳೆಯವನು ಅಂತ ಆಟವನ್ನು ಹೊಗಳಲಾರೆ. ಅವನು ಕೊಟ್ಟ ಪಾಸು ನೆಟ್ಟಗೆ ಎದುರಾಳಿಯ ಕಾಲಿಗೇ ಹೋಗುತ್ತದೆ, ಎಲ್ಲೋ ಮೊದಲೇ ಮಾತಾಡಿಕೊಂಡವರ ಹಾಗೆ. ಬೆಂಚಿನ ಮೇಲೆ ಕೂರುವುದೇ ಜಾಸ್ತಿ. ಆದರೆ ಓಡು ಅಂದರೆ ಓಡುತ್ತಾನೆ, ಬಲೆ ಕಟ್ಟು ಅಂದರೆ ಕಟ್ಟುತ್ತಾನೆ. ಈ ಊರಲ್ಲಿ ಅವನಿಗೆ ಅಣ್ಣತಮ್ಮ ಇಲ್ಲ, ಮಾವ ಭಾವ ಇಲ್ಲ. ಉಳಿದವರೆಲ್ಲ ಒಬ್ಬರಿಗೊಬ್ಬರು ನೆಂಟರೋ, ಬೀದಿಯವರೋ, ಜೊತೆಯಲ್ಲಿ ಓದಿದವರೋ.

ಹೋದ ವರ್ಷ ತೋತಾಪುರಿ ಮಾವಿನ ಬೆಲೆ ಬಿತ್ತು. ಮಂಡಿಯಲ್ಲಿ ಹಣ್ಣು ರಾಶಿ ಬಿದ್ದು ಕೊಳೆಯಿತು, ಚನ್ನರಾಯಪ್ಪ ತನ್ನ ಕಾರಿನ ಡ್ರೈವರನ್ನೇ ಬಿಡಿಸಿ ತಾನೇ ಓಡಿಸತೊಡಗಿದ. ಮಳೆಗಾಲ ಮುಗಿಯುವ ಹೊತ್ತಿಗೆ ತಂಡದ ಖರ್ಚಿಗೂ ಕತ್ತರಿ ಬಂತು: ಮೂವರು ಹೋಗಬೇಕು. ಒಬ್ಬ ತಾನಾಗಿಯೇ ಮಾಲೂರಿನ ಕಾರ್ಖಾನೆಗೆ ಸೇರಿದ, ಇನ್ನೊಬ್ಬ ಕೋಲಾರದಲ್ಲಿ ಮೊಬೈಲ್ ಅಂಗಡಿ ಇಟ್ಟ. ಮೂರನೆಯವನು ಯಾರು ಅನ್ನುವುದೇ ತಂಟೆಯಾಯಿತು.

ಅವತ್ತು ಮನೆಗೇ ಬಂದಿದ್ದ ಚನ್ನರಾಯಪ್ಪನ ಜೊತೆ ಅಪ್ಪ ಜಗುಲಿಯ ಮೇಲೆ ವಾದ ಹಾಕಿದ.

"ಧಣಿ, ಮಾವಿನ ಮರ ಒಂದು ವರ್ಷ ಬಿಡುತ್ತೆ, ಒಂದು ವರ್ಷ ಬಿಡಲ್ಲ. ಬಿಡಲಿಲ್ಲ ಅಂತ ಕಡೀತೀವಾ?"

"ಕಡಿದೆನಲ್ಲಪ್ಪಾ! ಕೋಲಾರದ ರಸ್ತೇಲಿ ನಂದೇ ತೋಪು ಕಡಿದು ಸೈಟ್ ಮಾಡ್ಲಿಲ್ವಾ? ಆಮೇಲೆ ಇನ್ನೊಂದು ಮಾತು. ಮರ ಬೆಳಿಗ್ಗೆ ಎದ್ದು ಮೊಟ್ಟೆ ಕೇಳಲ್ಲ ಸುಬ್ಬರಾಯಪ್ಪ."

ಚನ್ನರಾಯಪ್ಪ ಹೇಳಿದ್ದು ನ್ಯಾಯವೇ. ಆತ ಕಲ್ಲುಮನಸ್ಸಿನವನಲ್ಲ. ಆಡದವನಿಗೆ ಎಷ್ಟು ದಿನ ಅಂತ ಸಾಕುವುದು? ರಾತ್ರಿ ಊಟಕ್ಕೆ ಕೂತಾಗ ನಾನು ಬಾಯಿ ಬಿಟ್ಟೇಬಿಟ್ಟೆ.

"ಇದಕ್ಕೆ ಯಾಕೆ ತಲೆ ಕೆಡಿಸ್ಕೋತೀರ? ಯಾರು ಆಡ್ತಿಲ್ವೋ ಅವರನ್ನ ತೆಗೀರಿ. ಒಂದು ಗೋಲು ಹೊಡೀದೋನು ಇಲ್ಲೇ ಮುದ್ದೆ ನುಂಗ್ತಾ ಕೂತವ್ನೆ."

ನಂದಣ್ಣ ತಟ್ಟೆ ತಳ್ಳಿದ. "ಏನೇ ಅಂದೆ? ಮೆಡಿಕಲ್ ಶಾಪಲ್ಲಿ ಮಾತ್ರೆ ಎಣಿಸೋಳಿಗೆ ಆಟ ಏನೇ ಗೊತ್ತು?"

"ಗೋಲು ಎಣಿಸೋಕೆ ಬರುತ್ತೆ ಕಣೋ. ಸೊನ್ನೆ ಅಲ್ವಾ, ಬೇಗ ಮುಗೀತು."

ಅಮ್ಮ ಸೌಟು ಎತ್ತಿದಳು. "ಒಡಹುಟ್ಟಿದೋನ ಅನ್ನಕ್ಕೆ ಕಲ್ಲು ಹಾಕ್ತೀಯೇನೇ?" ಹೆತ್ತವರಿಗೆ ಹೆಗ್ಗಣ ಮುದ್ದು. ಅಪ್ಪ ಮಾತ್ರ ಸಾರಿನಲ್ಲಿ ಮುದ್ದೆ ಹೊರಳಿಸುತ್ತ ಕೂತಿದ್ದ.

ಭಾನುವಾರ ಪ್ರಾಕ್ಟೀಸ್ ಮುಗಿದ ಮೇಲೆ ಮೈದಾನದ ಹೊಂಗೆಮರದ ಕೆಳಗೆ ಸಭೆ. ಅಂಗಡಿಯಿಂದ ಗ್ಲೂಕೋಸ್ ಪೊಟ್ಟಣ ಕೊಡಲು ಹೋದ ನಾನು ಅಲ್ಲೇ ನಿಂತೆ. ಚನ್ನರಾಯಪ್ಪ, "ನೀವೇ ಆಡೋರು, ನಿಮಗೇ ಗೊತ್ತು. ಒಬ್ಬನ ಹೆಸರು ಹೇಳ್ರಪ್ಪಾ" ಅಂದ. ಹದಿನಾರು ಜನರೂ ನೆಲ ನೋಡಿದರು. ಹೇಗೆ ಹೇಳುತ್ತಾರೆ? ಹೇಳಿದವನು ನಾಳೆ ಅದೇ ಬಸ್ಸಿನಲ್ಲಿ ಅವನ ಪಕ್ಕ ಕೂರಬೇಕು, ಮುಂದಿನ ವರ್ಷ ಅವನ ತಂಗಿಯ ಮದುವೆಯಲ್ಲಿ ಊಟ ಬಡಿಸಬೇಕು.

ಕ್ಯಾಪ್ಟನ್ ಅಮರನಾಥ್ ಎದ್ದ. "ಯಾರನ್ನೂ ತೆಗೀಬೇಡಿ ಧಣಿ. ಒಬ್ಬನ್ನ ತೆಗೆದ್ರೆ ಮಿಕ್ಕೋರು ಕಾಲಲ್ಲಿ ಆಡಲ್ಲ, ಭಯದಲ್ಲಿ ಆಡ್ತಾರೆ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಕಮ್ಮಿ ಮಾಡಿ."

"ಹಾಲು ಬೇಡ್ವಾ ಹಂಗಾದ್ರೆ?" ಅಂತ ಚನ್ನರಾಯಪ್ಪ ಕೇಳಿದ. "ಬೇಡ ಅನ್ನೋರು ಕೈ ಎತ್ತಿ."

ಅಮರನಾಥ್ ಒಬ್ಬನೇ ಎತ್ತಿದ. ಸುತ್ತ ನೋಡಿ ಮೆಲ್ಲಗೆ ಇಳಿಸಿದ.

ಗೋಲ್‌ಕೀಪರ್ ಉಮೇಶ್ ಚೀಟಿ ಬರೆದು ಹಾಕೋಣ ಅಂದ. "ನಿನ್ನ ಕೋಳಿಕಾಲು ಅಕ್ಷರ ಯಾರಿಗೆ ಗೊತ್ತಿಲ್ಲ?" ಅಂತ ಎಲ್ಲರೂ ನಕ್ಕರು. ಆಗ ಅಪ್ಪ ಎದ್ದು ನಿಂತು ಹೆಗಲಿಂದ ಟವಲು ತೆಗೆದ.

"ಇದು ಐತಲ್ರಪ್ಪಾ. ಒಬ್ಬೊಬ್ಬರೇ ಬನ್ನಿ. ಯಾರು ಹೋಗ್ಬೇಕೋ ಅವರ ನಂಬರು ಬೆರಳಲ್ಲಿ ಹೇಳಿ. ಜಾಸ್ತಿ ಬಂದಿದ್ದು ನಾನು ಕೂಗ್ತೀನಿ. ಯಾರು ಯಾರನ್ನ ಹೇಳಿದ್ರಿ ಅಂತ ನನ್ನ ಜೊತೆ ಮಣ್ಣಿಗೆ ಹೋಗುತ್ತೆ."

ಚನ್ನರಾಯಪ್ಪ ತಲೆದೂಗಿದ. "ಸುಬ್ಬರಾಯಪ್ಪನ ಟವಲು ಅಂದ್ಮೇಲೆ ನನಗೆ ಇನ್ನೊಂದು ಮಾತಿಲ್ಲ."

ಅಯ್ಯೋ ಅಪ್ಪಾ, ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡೆಯಲ್ಲ! ಎಲ್ಲರೂ ನಂದಣ್ಣನ ನಂಬರನ್ನೇ ಹೇಳುತ್ತಾರೆ, ಅದನ್ನು ನಿನ್ನ ಬಾಯಲ್ಲೇ ಕೂಗಬೇಕಾಗುತ್ತದೆ ಅಂತ ನನಗೆ ಅನ್ನಿಸಿತು. ಅಪ್ಪನಿಗೆ ಅದು ಹೊಳೆದೇ ಇಲ್ಲ. ಎಷ್ಟೋ ವರ್ಷದ ಮೇಲೆ ಟವಲಿಗೆ ಕೆಲಸ ಬಂದ ಖುಷಿಯಲ್ಲಿ ಹುಡುಗರಿಗೆ ಲೆಕ್ಕ ಕಲಿಸುತ್ತಿದ್ದ. "ಗಟ್ಟಿಯಾಗಿ ಹಿಡೀಬೇಕು ಕಣ್ರೋ, ಹೆಣ್ಣು ನೋಡೋಕೆ ಹೋದೋರಂಗೆ ಮುಟ್ಟಿ ಬಿಡೋದಲ್ಲ. ಏನ್ಲಾ ಉಮೇಶ, ಕೈ ಒರೆಸ್ಕೊಂಡು ಬಾ."

ಒಬ್ಬೊಬ್ಬರಾಗಿ ಬಂದರು. ಅಪ್ಪನ ಮುಖ ದಲ್ಲಾಳಿಯ ಮುಖ, ಅದರಲ್ಲಿ ಏನೂ ಓದಲಾಗುವುದಿಲ್ಲ. ಆದರೆ ನಾನು ಮಗಳು. ಮೊದಮೊದಲು ಪ್ರತಿಯೊಬ್ಬನಿಗೂ ಏನಾದರೂ ತಮಾಷೆ ಮಾಡುತ್ತಿದ್ದವನು ಸ್ವಲ್ಪ ಹೊತ್ತಿಗೆ ಮಾತು ನಿಲ್ಲಿಸಿದ. ಅರ್ಧ ತಂಡ ಮುಗಿಯುವಾಗ ಎಡಗೈಯಲ್ಲಿ ಟವಲಿನ ಅಂಚಿನ ದಾರ ಕೀಳುತ್ತಿದ್ದ. ಕೊನೆಗೆ ಉಳಿದವರು ಇಬ್ಬರು. ನಂದಣ್ಣ ಬಂದ, ಕೈ ಹಾಕಿದ, ತಕ್ಷಣ ತೆಗೆದು ತಿರುಗಿ ಹೋದ. ಕದಿರೇಶ ಬಂದವನು ಮಾತ್ರ ಸುಮಾರು ಹೊತ್ತು ನಿಂತ. ಅಪ್ಪ ಏನೋ ಕೇಳಿದ, ಅವನೇನೋ ಅಂದ, ಇಬ್ಬರದೂ ಪಿಸುಮಾತು.

"ಹೇಳಪ್ಪ ಸುಬ್ಬರಾಯಪ್ಪ," ಅಂದ ಚನ್ನರಾಯಪ್ಪ.

ಅಪ್ಪ ಟವಲು ಮಡಿಸಿದ. ಮತ್ತೆ ಬಿಚ್ಚಿ ಮತ್ತೆ ಮಡಿಸಿದ. ಆಮೇಲೆ ಮಂಡಿಯಲ್ಲಿ ಕೂಗುತ್ತಿದ್ದ ಅದೇ ದೊಡ್ಡ ಗಂಟಲಲ್ಲಿ ಕೂಗಿದ.

"ಒಂಬತ್ತು! ಒಂಬತ್ತು! ಒಂಬತ್ತು!"

ನಂದಣ್ಣ ಜೆರ್ಸಿಯನ್ನು ಅಲ್ಲೇ ಬಿಚ್ಚಿ, ಚೆಂಡಿನ ಚೀಲದ ಮೇಲೆ ಎಸೆದು, ಬನಿಯನ್ನಿನಲ್ಲೇ ಬಜಾರಿನ ಮಧ್ಯೆ ನಡೆದುಕೊಂಡು ಹೋದ. ನಾನೇ ಹೇಳಿದ ಮಾತು ನಿಜವಾಗಿತ್ತು. ಆದರೂ ನನಗೆ ಅಳು ಬಂತು, ಏನು ಮಾಡುವುದು, ನನ್ನಣ್ಣ.

ಮನೆಯಲ್ಲಿ ಅಮ್ಮ ಅಪ್ಪನಿಗೆ ಅನ್ನ ಬಡಿಸುತ್ತಿದ್ದಳು, ಮಾತು ಬಡಿಸುತ್ತಿರಲಿಲ್ಲ. "ಊರಿನೋರು ಹೇಳಿದ್ರು ಸರಿ. ಕೂಗೋವಾಗ ನಿಮ್ಮ ನಾಲಿಗೆ ಹೆಂಗೆ ಹೊರಳ್ತು?" ಅಂತ ಒಂದು ಸಲ ಕೇಳಿದಳು, ಅಷ್ಟೇ. ನಂದಣ್ಣ ಒಂದು ಟೊಮೆಟೊ ಟೆಂಪೋ ಓಡಿಸುವುದಕ್ಕೆ ಸೇರಿಕೊಂಡ. ಬೆಳಗಿನ ಜಾವ ಕೋಲಾರದ ಮಾರ್ಕೆಟ್ಟಿಗೆ ಹೋಗುತ್ತಿದ್ದ. ಪ್ರಾಕ್ಟೀಸಿಗೆ ಏಳದಿದ್ದವನು ಟೊಮೆಟೊಗೆ ಏಳುತ್ತಿದ್ದ! ಅಪ್ಪ ಎದುರು ಬಂದರೆ ಗೋಡೆ ಬಂದ ಹಾಗೆ ಪಕ್ಕಕ್ಕೆ ಸರಿದು ಹೋಗುತ್ತಿದ್ದ. ಅಪ್ಪ ಇದನ್ನೆಲ್ಲ ಸಹಿಸಿಕೊಂಡ. ಆದರೆ ಒಂದು ವಿಚಿತ್ರ. ಆ ಭಾನುವಾರದಿಂದ ಅವನ ಹೆಗಲ ಮೇಲೆ ಟವಲಿಲ್ಲ. ಬರಿ ಹೆಗಲಲ್ಲಿ ಹೋಗುವುದನ್ನು ಕಂಡು ಹಾಲಿನವನು ಕೂಡ, "ಏನ್ ಸುಬ್ಬರಾಯಪ್ಪನೋರೆ, ಟವಲು ಒಗೆಯೋಕೆ ಹಾಕಿದ್ದೀರಾ?" ಅಂತ ಕೇಳಿದ. ಅದು ಒಗೆದು ಮಡಿಸಿ ಪೆಟ್ಟಿಗೆಯಲ್ಲಿತ್ತು.

ನಾನು ಕೆಲಸ ಮಾಡುವ ಮೆಡಿಕಲ್ ಶಾಪು ಬಸ್ ಸ್ಟ್ಯಾಂಡಿನ ಎದುರಿಗೇ ಇದೆ. ತಂಡದವರೆಲ್ಲ ನೋವಿನ ಮುಲಾಮಿಗೆ, ಬ್ಯಾಂಡೇಜಿಗೆ ಅಲ್ಲಿಗೇ ಬರುವುದು. ಮೊದಲು ಬಂದವನು ಉಮೇಶ್. ಮುಲಾಮು ತೆಗೆದುಕೊಂಡ ಮೇಲೂ ಕೌಂಟರು ಗೀಚುತ್ತ ನಿಂತ.

"ಸರಳಕ್ಕಾ, ನಿನ್ನ ಕಣ್ಣು ನೋಡೋಕೆ ಆಗ್ತಿಲ್ಲ. ದೇವರಾಣೆ ನಾನು ನಂದಣ್ಣನ ನಂಬರು ಹೇಳ್ಲಿಲ್ಲ."

"ಮತ್ತೆ ಯಾರ್ದು ಹೇಳ್ದೆ?"

ಅವನು ಆಚೀಚೆ ನೋಡಿದ. "ಪಾಪ, ಆ ರಾಯಲ್ಪಾಡಿನೋಂದು. ಹನ್ನೆರಡು. ಯಾರಿಗೂ ಹೇಳ್ಬೇಡಕ್ಕಾ."

ಪುಣ್ಯಾತ್ಮ, ಒಬ್ಬನಾದರೂ ಅಣ್ಣನ ಕಡೆ ಇದ್ದನಲ್ಲ ಅಂದುಕೊಂಡೆ. ಮಾರನೆಯ ದಿನ ಇನ್ನೊಬ್ಬ ಬಂದ. ಅವನೂ ಆಣೆ ಇಟ್ಟ, ಅವನದೂ ಹನ್ನೆರಡು. ಆ ವಾರದಲ್ಲಿ ಮಗುವಿಗೆ ಕೆಮ್ಮಿನ ಔಷಧಿ ತಗೊಳ್ಳಲು ಬಂದ ಅಮರನಾಥ್ ಕೂಡ ಬಾಟಲಿ ಕೈಯಲ್ಲಿ ಹಿಡಿದುಕೊಂಡು ಅದನ್ನೇ ಹೇಳಿದ. "ನಂದ ನನ್ನ ಜೊತೆ ಓದಿದೋನು ಸರಳಾ. ಅವನ ನಂಬರು ಹೆಂಗೆ ಹೇಳ್ಲಿ? ಕದಿರೇಶ ಆದ್ರೆ... ಅವನಿಗೆ ಯಾರೂ ಕೇಳೋರಿಲ್ಲ ನೋಡು. ಮನಸ್ಸು ಗಟ್ಟಿ ಮಾಡಿ ಹನ್ನೆರಡು ಅಂದುಬಿಟ್ಟೆ. ತಪ್ಪೇ. ನಾನೊಬ್ಬನೇ ಹಂಗೆ ಮಾಡಿದ್ದು ಅನ್ಸುತ್ತೆ."

ತಪ್ಪೊಪ್ಪಿಕೊಳ್ಳುವುದಕ್ಕೆ ಬಂದವರೆಲ್ಲ ತಾವೊಬ್ಬರೇ ಅಂದುಕೊಂಡಿದ್ದರು. ಕದಿರೇಶನ ಹೆಸರು ಹೇಳಿದ ನಾಚಿಕೆಗೆ ಒಬ್ಬರ ಮುಂದೆ ಒಬ್ಬರು ಬಾಯಿ ಬಿಟ್ಟಿರಲಿಲ್ಲ. ನನ್ನ ಮುಂದೆ ಮಾತ್ರ ಬಿಟ್ಟರು, ನಂದನ ತಂಗಿ ಅಂತ. ಅರ್ಧಕ್ಕಿಂತ ಹೆಚ್ಚು ತಂಡ ಬಂದು ಹೋದ ಮೇಲೆ ನನ್ನ ತಲೆಗೆ ಹೊಳೆಯಿತು. ಇಷ್ಟು ಜನ ಹನ್ನೆರಡು ಅಂದಿದ್ದರೆ ಒಂಬತ್ತು ಗೆದ್ದದ್ದು ಹೇಗೆ?

ಅಂಗಡಿ ಬಾಗಿಲು ಹಾಕಿ ನೆಟ್ಟಗೆ ಮನೆಗೆ ಹೋದೆ. ಅಪ್ಪ ಹಿತ್ತಲಲ್ಲಿ ಕೂತು ಗೋಲಿನ ಬಲೆಗೆ ನೈಲಾನ್ ದಾರ ಹಾಕಿ ಹರಿದದ್ದನ್ನು ಕಟ್ಟುತ್ತಿದ್ದ.

"ಅಪ್ಪಾ, ಅವತ್ತು ಒಂಬತ್ತು ಅಂತ ಎಷ್ಟು ಕೈ ಹೇಳ್ತು?"

"ಟವಲ ಕೆಳಗಿಂದು..."

"ಸಾಕು ನಿಲ್ಸಪ್ಪಾ! ಒಂದು ಕೈಯಾದ್ರೂ ಹೇಳ್ತಾ?"

ದಾರ ಅವನ ಕೈಯಲ್ಲೇ ನಿಂತಿತು. ಬಾಗಿಲ ಕಡೆ ನೋಡಿ, ಅಮ್ಮ ಇಲ್ಲ ಅಂತ ಖಾತ್ರಿ ಮಾಡಿಕೊಂಡು, "ಇಲ್ಲ ಕಣಮ್ಮ" ಅಂದ.

ಬೈಕು ಬೇಡ ಅಂದು ನಡೆದುಕೊಂಡು ಬಂದವನು! ಯಾವ ಕೈಯೂ ಹೇಳದ ಬೆಲೆಯನ್ನು ಮೂರು ಸಲ ಕೂಗಿದ್ದ, ಅದೂ ಹೆತ್ತ ಮಗನ ಮೇಲೆ.

"ಎಲ್ಲಾ ಕೈಯೂ ಹನ್ನೆರಡೇ ಅಂತು," ಅಂದ ಅಪ್ಪ. "ಮೊದಲನೇದು ಬಂದಾಗ ಇರ್ಲಿ ಅಂದ್ಕೊಂಡೆ. ಆಮೇಲೆ ಬಂದಿದ್ದೂ ಅದೇ. ಐದು, ಐದು, ಎರಡು. ಐದು, ಐದು, ಎರಡು. ಯಾರೂ ಆಟ ನೆನೆಸ್ಕೊಂಡು ಹೇಳ್ಲಿಲ್ಲ ಸರಳಾ. ಯಾರನ್ನ ಹೇಳಿದ್ರೆ ಕೇಳೋರಿಲ್ವೋ ಅವನನ್ನ ಹೇಳಿದ್ರು."

"ಅಣ್ಣನೂ?"

"ಅವನೂ. ಗಟ್ಟಿಯಾಗಿ ಹಿಡಿದ. ಅವನ ಕೈಗೆ ಒಂಚೂರು ಅನುಮಾನ ಇರ್ಲಿಲ್ಲ." ಅಪ್ಪ ದಾರ ಕೆಳಗಿಟ್ಟ. "ಮಾಲೂರಲ್ಲಿ ಇವನನ್ನ ಹೊತ್ಕೊಂಡು ಓಡಿದ ಹುಡುಗ ಅವನು."

"ಕದಿರೇಶ ಯಾರನ್ನ ಹೇಳ್ದ?"

"ಯಾರನ್ನೂ ಇಲ್ಲ. ಕೈ ಒಳಗೆ ಹಾಕಿ ಸುಮ್ನೆ ನಿಂತ್ಕೊಂಡ, ಬೆರಳೇ ಹಿಡೀಲಿಲ್ಲ. ಹೇಳೋ ಅಂದೆ. 'ಎವರ್ನಿ ಚೆಪ್ಪೇದಿ ಪೆದ್ದಯ್ಯಾ, ಅಂದರೂ ಮನೋಳ್ಳೇ ಕದಾ' ಅಂದ. ಯಾರ ಹೆಸರು ಹೇಳ್ಲಿ ದೊಡ್ಡಯ್ಯಾ, ಎಲ್ಲಾ ನಮ್ಮೋರೇ ಅಲ್ವಾ ಅಂತ. ಹಂಗಂದೋನ್ನ ನಾನು ಹೆಂಗಮ್ಮ ಕೂಗ್ಲಿ?"

"ಅದಕ್ಕೆ ಅಣ್ಣನ್ನ ಕೂಗೋದಾ?"

"ಬೇರೆಯೋರ ಮಗನ್ನ ಕೂಗೋಕೆ ನನಗೇನು ಅಧಿಕಾರ? ನನ್ನ ಮಗನ ಮೇಲೆ ಐತೆ. ಒಂದು ಗೋಲೂ ಹೊಡೀಲಿಲ್ಲ ಅಂತ ನೀನೇ ಎಣಿಸಿ ಹೇಳಿದ್ದೆ." ಮತ್ತೆ ದಾರ ಎತ್ತಿಕೊಂಡ. "ಆದ್ರೂ ಕೂಗಿದ್ದು ಸುಳ್ಳೇ. ಆ ಟವಲು ಇನ್ನು ನನ್ನ ಹೆಗಲಿಗೆ ಬೇಡ. ನಂದನಿಗೆ ಹೇಳ್ಬೇಡ. ಅವನು ನನ್ನ ಮೇಲೆ ಕೋಪ ಮಾಡ್ಕೊಂಡಿರ್ಲಿ ಪರವಾಗಿಲ್ಲ, ಅವನ ಮೇಲೇ ಅವನಿಗೆ ಅಸಹ್ಯ ಆಗೋದು ಬೇಡ."

ಆಯಿತು ಅಂದೆ. ನನ್ನ ಬಾಯಿ ಎಂಥದ್ದು ಅಂತ ಅಪ್ಪನಿಗೆ ಗೊತ್ತಿರಬೇಕಿತ್ತು. ಆದರೂ ನಾನಾಗಿ ಹೇಳಲಿಲ್ಲ, ನಂದಣ್ಣನೇ ಬಂದ. ಮುಳಬಾಗಿಲಿನಲ್ಲಿ ಲೀಗಿನ ಮೊದಲ ಪಂದ್ಯ ಇದ್ದ ವಾರ, ಖಾಲಿ ಕ್ರೇಟು ತುಂಬಿದ ಟೆಂಪೋ ಅಂಗಡಿ ಮುಂದೆ ನಿಲ್ಲಿಸಿ ಇಳಿದ.

"ಲೇ ಸರಳಾ, ಒಂದು ಕೇಳ್ತೀನಿ. ಕದಿರೇಶ ಒಬ್ಬನ್ನ ಬಿಟ್ಟು ತಂಡದೋರೆಲ್ಲ ಒಬ್ಬೊಬ್ಬರಾಗಿ ಬಂದು ನನ್ನ ಮುಂದೆ ಆಣೆ ಇಟ್ಟಿದ್ದಾರೆ, ನಾನು ಒಂಬತ್ತು ಅನ್ನಲಿಲ್ಲ ಅಂತ. ಎಲ್ಲರೂ ಸುಳ್ಳು ಹೇಳ್ತಾರಾ? ಹಂಗಾದ್ರೆ ಒಂಬತ್ತು ಅಂದಿದ್ಯಾರು?"

"ನಿನ್ನ ಬೆರಳು ಏನಂತು? ಅದು ಮೊದ್ಲು ಹೇಳು."

ಅವನು ನನ್ನ ಮುಖ ನೋಡಿದ. ನನಗೆ ಎಷ್ಟು ಗೊತ್ತಿದೆ ಅಂತ ಅವನಿಗೆ ಅಲ್ಲೇ ತಿಳಿಯಿತು. ಕಿವಿಯವರೆಗೂ ಕೆಂಪಾದ.

"ಎಲ್ಲಾರೂ ಅದೇ ಹೇಳ್ತಾರೆ ಅಂತ ಗೊತ್ತಿತ್ತು ಕಣೇ," ಅಂದ.

"ಹೂಂ, ಎಲ್ಲರೂ ಅದೇ ಹೇಳಿದ್ರು. ಕದಿರೇಶ ಮಾತ್ರ ಯಾರನ್ನೂ ಹೇಳ್ಲಿಲ್ಲ. ಎಲ್ಲಾ ನಮ್ಮೋರೇ, ಯಾರನ್ನ ಹೇಳ್ಲಿ ಅಂದನಂತೆ. ಮಾಲೂರಲ್ಲಿ ಯಾರ ಬೆನ್ನ ಮೇಲೆ ಕೂತಿದ್ಯೋ ಜ್ಞಾಪಕ ಇದೆಯಾ?"

ಕೆನ್ನೆಗೆ ಹೊಡೆದ ಹಾಗೆ ಹೇಳಿದೆ. ಅವನು ಟೆಂಪೋ ಹತ್ತಿ ಕೂತು, ಎಷ್ಟೋ ಹೊತ್ತು ಸ್ಟಾರ್ಟ್ ಮಾಡದೆ ಸ್ಟೀರಿಂಗ್ ಹಿಡಿದುಕೊಂಡಿದ್ದ. ಹಿಂದೆ ಬಂದ ಬಸ್ಸು ಹಾರನ್ ಬಾರಿಸಿದ ಮೇಲೆ ಹೊರಟ.

ಮುಳಬಾಗಿಲಿನ ಪಂದ್ಯಕ್ಕೆ ರಜೆ ಹಾಕಿ ನಾನೂ ಹೋದೆ. ಮಧ್ಯಾಹ್ನದ ಬಿಸಿಲು. ಗೆರೆಯ ಪಕ್ಕದ ಬೆಂಚಿನ ಮೇಲೆ ಅಪ್ಪ ಬೋಳುತಲೆ ಒರೆಸುವುದಕ್ಕೂ ಏನೂ ಇಲ್ಲದೆ ಅಂಗೈಯಲ್ಲಿ ಒರೆಸಿಕೊಳ್ಳುತ್ತ ಕೂತಿದ್ದ. ಅವತ್ತು ಕದಿರೇಶನನ್ನು ಮೊದಲಿಂದಲೇ ಆಡಿಸಿದ್ದರು. ಪವಾಡವೇನೂ ಆಗಲಿಲ್ಲ. ಎಂದಿನಂತೆ ಎದುರಾಳಿಗೇ ಪಾಸು ಕೊಟ್ಟ, ಎಂದಿನಂತೆ ಓಡಿದ. ಅರ್ಧ ಆಟವಾದ ಮೇಲೆ ಅವನನ್ನು ಹೊರಗೆ ಕರೆದರು. ನಗುತ್ತಲೇ ಬಂದು ಅಪ್ಪನ ಪಕ್ಕ ಕೂತು, "ಏಂ ಪರವಾಲೇದು ಪೆದ್ದಯ್ಯಾ" ಅಂದ, ಏನೂ ಪರವಾಗಿಲ್ಲ ಅಂತ.

ಆಗ ಜನರ ಮಧ್ಯೆ ದಾರಿ ಮಾಡಿಕೊಂಡು ನಂದಣ್ಣ ಬಂದ. ಅಂಗಿಗೆ ಟೊಮೆಟೊ ಕಲೆ, ಕೈಯಲ್ಲಿ ಕೆಂಪಂಚಿನ ಟವಲು. ಅಮ್ಮನ ಪೆಟ್ಟಿಗೆಯಿಂದ ತಂದಿದ್ದ. ಮೊದಲು ಕದಿರೇಶನ ಹೆಗಲ ಮೇಲೆ ಕೈ ಇಟ್ಟು, "ಲೇ, ನೀರು ಕುಡಿದ್ಯಾ?" ಅಂತ ಕೇಳಿದ. ನೀರಿನ ಬಾಟಲಿ ತಾನೇ ತೆಗೆದು ಕೊಟ್ಟ. ಆಮೇಲೆ ಅಪ್ಪನ ಮುಂದೆ ಕುಕ್ಕರುಗಾಲಲ್ಲಿ ಕೂತ. ಇಬ್ಬರೂ ಮಾತು ಬಿಟ್ಟು ಎರಡು ತಿಂಗಳಾಗಿತ್ತು. ಅಪ್ಪನ ಬಲಗೈ ಎಳೆದುಕೊಂಡು, ಅದರ ಮೇಲೆ ಟವಲು ಹೊದಿಸಿ, ತನ್ನ ಕೈ ಒಳಗೆ ತೂರಿಸಿದ. ಟವಲು ಒಂದು ಸಲ ಅಲುಗಿತು, ನಿಂತಿತು, ಇನ್ನೊಂದು ಸಲ ಅಲುಗಿತು. ಅಪ್ಪ ಅವನ ಮುಖವನ್ನೇ ನೋಡುತ್ತಿದ್ದ. ನಂದಣ್ಣ ಕೈ ತೆಗೆದು, ಕಣ್ಣು ತಗ್ಗಿಸಿಕೊಂಡೇ ಎದ್ದು, ಟೊಮೆಟೊ ಇಳಿಸಬೇಕು ಅಂತ ಹೊರಟುಹೋದ.

ನಮ್ಮ ತಂಡ ಎರಡು ಗೋಲಿನಿಂದ ಸೋತಿತು. ಬೈಗುಳಕ್ಕೆ ಕಾದು ನಿಂತಿದ್ದ ಹುಡುಗರಿಗೆ ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಬೋಂಡ ಕೊಡಿಸಿದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಿಂದರು.

ವಾಪಸು ಬರುವ ಬಸ್ಸಿನಲ್ಲಿ ನಾನು ಅಪ್ಪನ ಪಕ್ಕ ಕೂತೆ. ಟವಲು ಮತ್ತೆ ಹೆಗಲಿಗೆ ಬಂದಿತ್ತು.

"ಅಣ್ಣ ಏನಂದ ಅಪ್ಪಾ?"

ಟವಲ ಕೆಳಗಿಂದು ಟವಲ ಕೆಳಗೇ ಅನ್ನುತ್ತಾನೆ ಅಂದುಕೊಂಡಿದ್ದೆ. ಅಪ್ಪ ಕಿಟಕಿಯಿಂದ ನನ್ನ ಕಡೆ ತಿರುಗಿದ.

"ಮೊದ್ಲು ಇಡೀ ಕೈ ಹಿಡಿದ. ಬಿಟ್ಟ. ಆಮೇಲೆ ನಾಲ್ಕು ಬೆರಳು ಹಿಡಿದ."

"ಒಂಬತ್ತು!"

"ಹೂಂ, ಒಂಬತ್ತು," ಅಂದ ಅಪ್ಪ. "ನಾನು ಕೂಗಿದ್ದನ್ನ ಈಗ ಒಂದು ಕೈ ಹೇಳ್ತಲ್ಲಮ್ಮ."

ಟವಲಿನ ತುದಿಯಿಂದ ಮುಖ ಒರೆಸಿಕೊಂಡು, ಅದನ್ನು ಮತ್ತೆ ಹೆಗಲ ಮೇಲೆ ಸರಿಯಾಗಿ ಹಾಕಿಕೊಂಡ.